ಕಡತದಡಿಯ ಸಂವಿಧಾನ

ಸರ್ಕಾರಿ ಕಚೇರಿಯಲ್ಲಿ ಕೆಎಎಸ್ ಕನಸು ಕಾಣುವ ಗುಮಾಸ್ತರನ್ನು ಗುರುತಿಸುವುದು ಸುಲಭ. ಮೇಜಿನ ಮೇಲೆ ಕಡತ, ಅದರಡಿಯಲ್ಲಿ ಲಕ್ಷ್ಮೀಕಾಂತರ 'ಇಂಡಿಯನ್ ಪಾಲಿಟಿ'. ಸಾಹೇಬರು ಒಳಗೆ ಬಂದರೆ ಕಡತ ಮೇಲೆ, ಹೊರಗೆ ಹೋದರೆ ಸಂವಿಧಾನ ಮೇಲೆ. ಪಹಣಿಗೆ ಬಂದ ರೈತ "ಎಷ್ಟು ದಿನ ಆಗುತ್ತೆ ಸ್ವಾಮಿ?" ಎಂದರೆ, "ಮಾಹಿತಿ ಹಕ್ಕು ಕಾಯ್ದೆ, 2005. ಮೂವತ್ತು ದಿನ" ಎಂಬ ಉತ್ತರ ತಾನಾಗಿ ಹೊರಬೀಳುತ್ತದೆ. ಪಾಪ, ಆತ ಕೇಳಿದ್ದು ಅದಲ್ಲ!

ಪೂರ್ವಭಾವಿ ಪರೀಕ್ಷೆಯಲ್ಲಿ ಒಂದು ತಪ್ಪುತ್ತರಕ್ಕೆ ಆ ಪ್ರಶ್ನೆಯ ಕಾಲು ಭಾಗ ಅಂಕ ಖೋತಾ. ಈ ನಿಯಮ ಕಚೇರಿಗೂ ಬಂದಿದ್ದರೆ ತಿಂಗಳ ಕೊನೆಗೆ ನಾವೇ ಖಜಾನೆಗೆ ಚಲನ್ ಕಟ್ಟಬೇಕಿತ್ತು.

ಓದಲು ರಜೆ ಕೇಳಿದರೆ ಸಾಹೇಬರು ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ. ನಾಳೆ ಇವನೇ ಎಸಿಯಾಗಿ ಬಂದು ತಮ್ಮ ರಜೆ ಅರ್ಜಿ ತಿರುಗಿಸಿದರೆ ಎಂಬ ಅಳುಕು ಅವರಿಗೆ. ಹಾಗಾಗಿ ಮಂಜೂರು ಮಾಡುವುದು ಅರ್ಧ ದಿನ.

ಮನೆಯಲ್ಲೂ ಓದಿನದೇ ಅಮಲು.

"ರೀ, ಗ್ಯಾಸ್ ಬುಕ್ ಮಾಡಿದ್ರಾ?"

"ಪೆಟ್ರೋಲಿಯಂ ಕೇಂದ್ರ ಪಟ್ಟಿಯ ವಿಷಯ ಕಣೇ."

"ಹಾಗಾದ್ರೆ ಅಡುಗೆ ನಿಮ್ಮ ಪಟ್ಟಿಗೆ ಸೇರಿಸ್ಕೊಳ್ಳಿ. ನಾನು ತವರಿಗೆ ಹೊರಟೆ!"