ಎಡ ಬಾಕ್ಸಿನ ಗುರ್‌ಗುರ್

ಎಡ ಬಾಕ್ಸಿನಲ್ಲಿ ಏನೋ ಗುರ್ ಅನ್ನುತ್ತಿದೆ ಎಂದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ಭೀಮಸೇನ ಜೋಶಿಯವರ ದಾಸವಾಣಿ ನಡೆದಿತ್ತು. ಅವರು ಮಂದ್ರಕ್ಕೆ ಇಳಿದಾಗಲೆಲ್ಲ, ತಾಲೀಮೇ ಇಲ್ಲದ ಇನ್ನೊಬ್ಬ ಯಾರೋ ಹಿಂದಿನಿಂದ ದನಿಗೂಡಿಸುತ್ತಿದ್ದ. “ನಂಗೇನೂ ಕೇಳ್ಸವಲ್ದು” ಅಂದಳು ಹೆಂಡತಿ. ಮಗ ಮೊಬೈಲಿನಿಂದ ತಲೆ ಎತ್ತದೆ “ಆಂ?” ಅಂದ. ನಾನು ಮೊಣಕಾಲೂರಿ, ಬಾಕ್ಸಿಗೆ ಕಿವಿ ಆನಿಸಿ, ಹಾಡು ಮುಗಿಯುವ ತನಕ ಕೂತೆ. ಎದ್ದಾಗ ಹೆಂಡತಿ ಕೇಳಿದಳು: “ಯಾವ ಹಾಡಿತ್ತು, ಹೇಳ್ರಿ ನೋಡೂಣು?”

ನನಗೆ ಗೊತ್ತಿರಲಿಲ್ಲ. ಜಗನ್ನಾಥದಾಸರು ಬಾಳಿದ ಊರು ಇದು. ವಿಜಯದಾಸರ ಚೀಕಲಪರ್ವಿ ಇದೇ ತಾಲೂಕಿನಲ್ಲಿ ತುಂಗಭದ್ರೆಯ ದಂಡೆಗಿದೆ. ದಾಸರ ಪದ ಕಿವಿಯ ಪಕ್ಕದಲ್ಲೇ ಮೊಳಗುತ್ತಿದ್ದರೂ ಪದ ಯಾವುದೆಂದು ತಿಳಿಯದವನು ಮಾನ್ವಿಯಲ್ಲಿ ನಾನೊಬ್ಬನೇ ಇರಬೇಕು. ಅದರ ಬಗ್ಗೆ ನಾಚಿಕೆಯೂ ಆಯಿತು, ಒಂದು ನಮೂನೆ ಹೆಮ್ಮೆಯೂ ಆಯಿತು.

ಬಾಕ್ಸುಗಳಿಗೆ ಮಗನಿಗಿಂತ ಹೆಚ್ಚು ವಯಸ್ಸು. ಹೈದರಾಬಾದಿನ ಕೋಟಿಯಲ್ಲಿ ಕೊಂಡು, ರೈಲಿನಲ್ಲಿ ಅವನ್ನು ಸೀಟಿನ ಮೇಲೆ ಕೂರಿಸಿ, ನಾನು ನಿಂತುಕೊಂಡು ತಂದವು. ಎಂಟಿಂಚಿನ ವೂಫರ್, ಮೇಲೊಂದು ಪುಟ್ಟ ಟ್ವೀಟರ್, ಸುತ್ತ ತೇಗದ ಹೊದಿಕೆ. ಮದುವೆಯಾದ ಮೇಲೆ ಅವುಗಳ ನೆತ್ತಿಗೆ ಕ್ರೋಷಾ ವಸ್ತ್ರ ಬಂತು, ವಸ್ತ್ರದ ಮೇಲೆ ಹಿತ್ತಾಳೆಯ ನವಿಲು ಬಂತು. ನನ್ನ ಮೊದಲ ಅನುಮಾನ ನವಿಲಿನ ಮೇಲೆ. ಅದನ್ನು ಇಳಿಸಿದೆ. ಗುರ್ ಹಾಗೇ ಇತ್ತು, ಹೆಂಡತಿಯ ಮುಖ ಮಾತ್ರ ಬದಲಾಯಿತು.

ಸದ್ದಿಗೂ ಕುಲವುಂಟು. ಹಾಡು ನಿಂತಾಗಲೂ ಗುಂಯ್ ಎನ್ನುವುದು ಕರೆಂಟಿನ ಕುಲ. ವಾಲ್ಯೂಮ್ ತಿರುವಿದಾಗ ಚರಚರ ಎನ್ನುವುದು ಧೂಳಿನ ಕುಲ. ದಪ್ಪ ದನಿ ಬಂದಾಗ ಮಾತ್ರ ಗುರ್ ಎನ್ನುವುದು ಸ್ಪೀಕರಿನದೇ ಕುಲ. ನನಗೆ ಬೇಕಾಗಿದ್ದದ್ದು ಮೂರನೆಯದು. ಆದರೆ ಕಿವಿ ಒಮ್ಮೆ ತೆರೆದುಕೊಂಡಿತೆಂದರೆ ಮೂರೂ ಕೇಳತೊಡಗುತ್ತವೆ.

ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆಮುಂದೆ ಆಡುತ್ತದೆ. ಆಂಪ್ಲಿಫೈಯರಿನ ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ಹೊರಳಿಸಿದಾಗ ಏರಿಳಿತ 100 ಆಗುತ್ತದೆ. ಆ ಏರಿಳಿತವನ್ನು ನುಂಗಬೇಕಾದ ದೊಡ್ಡ ಕೆಪಾಸಿಟರುಗಳು ನಮ್ಮ ಬ್ಯಾಸಗಿಗೆ ಒಣಗಿದವೆಂದರೆ, ನುಂಗುವುದನ್ನು ಬಿಟ್ಟು ಗುಂಯ್ ಎಂದು ಸ್ಪೀಕರಿಗೆ ದಾಟಿಸುತ್ತವೆ. ನಮ್ಮದೇ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಕರೆಂಟು ಹುಟ್ಟುತ್ತಿದೆ, ಎಂಟು ಘಟಕ ಸೇರಿ 1720 ಮೆಗಾವಾಟ್. ಬೆಳಕು ರಾಜ್ಯಕ್ಕೆ, ಬೂದಿ ನಮಗೆ. ಗುಂಯ್ ಕೂಡ ನಮಗೇ ಇರಲೇನು ಎಂಬ ಸಿಟ್ಟಿನಲ್ಲಿ ಕೆಪಾಸಿಟರ್ ಬದಲಿಸಿದೆ. ಅರ್ಧ ತಗ್ಗಿತು.

ಉಳಿದರ್ಧ ಅರ್ಥಿಂಗ್ ಗುಂಡಿಯದು. ಉಪ್ಪು, ಇದ್ದಲಿ ತುಂಬಿದ ಆ ಗುಂಡಿ ಹಸಿಯಾಗಿದ್ದರೆ ಮಾತ್ರ ಭೂಮಿ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಎರೆ ನೆಲವೋ, ಕೈ ಇಳಿಯುವಷ್ಟು ಬಾಯಿ ಬಿಟ್ಟಿತ್ತು. ನಳ ಬಾರದ ದಿನವೇ ಅಡಿಗೆಮನೆಯ ಕೊಡ ಎತ್ತಿ ಗುಂಡಿಗೆ ಸುರಿದು, ಒಳಗೋಡಿ ಬಂದು ಕಿವಿ ಇಟ್ಟೆ. ಗುಂಯ್ ಇಲ್ಲ! ಸಂತೋಷ ಹಂಚಿಕೊಳ್ಳಲು ತಿರುಗಿದರೆ ಹೆಂಡತಿ ಖಾಲಿ ಕೊಡ ನೋಡುತ್ತ ನಿಂತಿದ್ದಳು. ಅಂದು ರಾತ್ರಿ ಸಾರು ಇರಲಿಲ್ಲ.

ಚರಚರಕ್ಕೆ ಸ್ಪ್ರೇ ಹೊಡೆದೆ, ಹೋಯಿತು. ಆಮೇಲೆ ಸಣ್ಣಗೆ ಝೇಂಕಾರವೊಂದು ಕೇಳಿತು, ಬಿಟ್ಟೂ ಬಿಡದೆ, ಹಾಡಿನ ಉದ್ದಕ್ಕೂ. ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡಿದ್ದೆ. “ಅದು ತಂಬೂರಿ ರೀ” ಅಂದಳು ಹೆಂಡತಿ. “ಕುದುರಿ ಮ್ಯಾಲ ದಾರ ಇಟ್ಟು ಬೇಕಂತನ ಹಂಗ ನುಡಸ್ತಾರ. ಅದನ್ನರ ಬಿಡ್ರಿ.”

ಇನ್ನು ಆ ರವಿವಾರದ ಸಂಗತಿ. ಮಗನ ಮೊಬೈಲಿನಲ್ಲಿ ಒಂದು ಆ್ಯಪ್ ಇತ್ತು, ಬೇಕಾದ ಕಂಪನದ ಒಂದೇ ಒಂದು ದನಿ ಹೊರಡಿಸುವಂಥದ್ದು. ಹಾಡಿನಲ್ಲಿ ಹತ್ತಾರು ದನಿ ಒಟ್ಟಿಗೆ ಬರುವುದರಿಂದ ಕಳ್ಳ ಗದ್ದಲದಲ್ಲಿ ಅಡಗುತ್ತಾನೆ, ಒಂಟಿ ದನಿಯಲ್ಲಿ ಅವನಿಗೆ ಅಡಗಲು ಜಾಗವಿಲ್ಲ. 20 ಹರ್ಟ್ಸಿನಿಂದ ಮೆಲ್ಲಗೆ ಏರಿಸುತ್ತ ಹೋಗುವುದು, ಎಲ್ಲಿ ಗುರ್ ಎನ್ನುವುದೋ ಅಲ್ಲಿ ಹಿಡಿಯುವುದು. ಸದ್ದಾಗಬಾರದೆಂದು ಫ್ಯಾನು ಆರಿಸಿದೆ. ಮೇ ತಿಂಗಳು. ಫ್ರಿಜ್ ಆರಿಸಿದೆ. ಗೋಡೆ ಗಡಿಯಾರದ ಸೆಲ್ ಕಿತ್ತೆ. ಅವ್ವನಿಗೆ ಕೆಮ್ಮಬೇಡವೆಂದೆ.

30ಕ್ಕೆ ಕೋನ್ ಸುಮ್ಮನೆ ಉಸಿರಾಡಿತು. 46ಕ್ಕೆ ಝಣ್! ಬಾಕ್ಸಿನಿಂದಲ್ಲ, ಅಡಿಗೆಮನೆಯಿಂದ. ಸ್ಟೀಲ್ ತಾಟಿನ ಸ್ಟ್ಯಾಂಡು. “ಹಿಡಕೋ!” ಎಂದು ಕೂಗಿದೆ. ಹೆಂಡತಿ ಸ್ಟ್ಯಾಂಡನ್ನು ಎರಡೂ ತೋಳಲ್ಲಿ ಅಪ್ಪಿ ನಿಂತಳು. 53ಕ್ಕೆ ಕಿಟಕಿಯ ಗಾಜು. ಮಗ ಅದಕ್ಕೆ ಬೆನ್ನು ಕೊಟ್ಟ. 61ಕ್ಕೆ ಬಂದಾಗ ನಡುಮನೆಯ ಗೋಡೆಯ ಮೇಲೆ ಮಂತ್ರಾಲಯದ ರಾಯರ ಫೋಟೊ ಗೊಣಗತೊಡಗಿತು.

“ರಾಯರು ಮಾತಾಡಾಕತ್ಯಾರ!” ಅವ್ವ ಎದ್ದು ಕೈಮುಗಿದಳು.

ಫೋಟೊದ ಮೊಳೆ ಸಡಿಲಾಗಿದೆ ಎಂದು ವಿವರಿಸಿದೆ. 60ಕ್ಕೆ ಇಳಿಸಿದೆ, ರಾಯರು ಸುಮ್ಮನಾದರು. 61, ಮತ್ತೆ ನುಡಿದರು. ಇದರಿಂದ ವಿಜ್ಞಾನ ಸಿದ್ಧವಾಯಿತೆಂದು ನಾನು ತಿಳಿದೆ, ಮಹಿಮೆ ಸಿದ್ಧವಾಯಿತೆಂದು ಅವ್ವ ತಿಳಿದಳು. ಕುಂಕುಮದ ಬಟ್ಟಲು ಬಂತು. ಅವ್ವ ಕಣ್ಣು ಮುಚ್ಚಿ, ಮೊಮ್ಮಗನ ಪರೀಕ್ಷೆ ಪಾಸಾಗುತ್ತದೇನಪ್ಪಾ ಎಂದು ಕೇಳಿದಳು. ನನ್ನ ಬೆರಳು 60ರ ಮೇಲಿತ್ತು. ಕೋಣೆ ಗಪ್‌ಚಿಪ್. ಅವ್ವನ ಮುಖ ಬಾಡತೊಡಗಿತು. ಹೆತ್ತತಾಯಿಯ ಮುಖ ಬಾಡುವುದನ್ನು ನೋಡಲಾರದೆ ಒಂದು ಹರ್ಟ್ಸ್ ಏರಿಸಿದೆ. ರಾಯರು ಹೂಂ ಎಂದರು. ಮಗ ಕಿಟಕಿ ಬಿಟ್ಟು ಹತ್ತಿರ ಬಂದ. “ಅಜ್ಜಿ, ಬೈಕ್ ಕೊಡಿಸಬೇಕಾ ಬ್ಯಾಡಾ, ಅದನ್ನೂ ಒಂದ್ಮಾತು ಕೇಳು” ಎನ್ನುತ್ತ, ನನ್ನ ಕೈಯಿಂದ ಮೊಬೈಲು ಇಸಿದುಕೊಂಡು ತಾನೇ 61ಕ್ಕೆ ಒಯ್ದ. ಅಷ್ಟೇ ಅಲ್ಲ, ವಾಲ್ಯೂಮನ್ನೂ ಏರಿಸಿದ. ರಾಯರು ಅಷ್ಟು ಖಡಾಖಂಡಿತವಾಗಿ ಒಪ್ಪಿಗೆ ಕೊಟ್ಟದ್ದು ಹಿಂದೆಂದೂ ಇಲ್ಲ ಎಂದು ಅವ್ವ ಓಣಿಯಲ್ಲಿ ಇವತ್ತಿಗೂ ಹೇಳುತ್ತಾಳೆ.

68ಕ್ಕೆ ಅಲಮಾರಿಯ ಕೀಲಿಗೊಂಚಲು. ಹಿಡಿಯಲು ಜನ ಉಳಿದಿರಲಿಲ್ಲ. ಅದೇ ಹೊತ್ತಿಗೆ ಪಕ್ಕದ ಮನೆಯವರು ಬಾಗಿಲಲ್ಲಿ ಇಣುಕಿ, “ಸರ್ರ, ನಿಮ್ಮ ಬೋರಿನ ಮೋಟರ್ ಸುಡಾಕತ್ತೈತೇನ್ರಿ?” ಎಂದರು. ಅವರನ್ನು ಒಳಗೆ ಕರೆದು ಅಲಮಾರಿಗೆ ಆನಿಸಿ ನಿಲ್ಲಿಸಿದೆ. ಈಗ ಎಲ್ಲರೂ ಏನಾದರೊಂದನ್ನು ಹಿಡಿದಿದ್ದರು: ಹೆಂಡತಿ ತಾಟು, ಮಗ ಗಾಜು, ಅವ್ವ ರಾಯರನ್ನು, ನೆರೆಯವರು ಅಲಮಾರಿ. ಎಲ್ಲರ ಮೈಯಿಂದ ಬೆವರು ಇಳಿಯುತ್ತಿತ್ತು. ಮತ್ತೆ ಕೆಳಗಿನಿಂದ ಶುರುಮಾಡಿದೆ. 50. 55. 58ಕ್ಕೆ ಎಡ ಬಾಕ್ಸು, ಮನೆಯ ಬೇರೆ ಯಾವುದರ ಆಸರೆಯೂ ಇಲ್ಲದೆ, ಒಂಟಿಯಾಗಿ ಗುರ್ ಎಂದಿತು.

“ಕೇಳಿತೇನು!” ಎಂದು ಕುಣಿದೆ. ಕೇಳಿತು ಎಂದು ಎಲ್ಲರೂ ಖುಷಿಯಿಂದ ಕೈಬಿಟ್ಟರು. ತಾಟು, ಗಾಜು, ಕೀಲಿ, ರಾಯರು ಒಟ್ಟಿಗೆ ಶುರುವಾದರು. ನಾನು ಮೊಬೈಲು ಬಂದ್ ಮಾಡಿದೆ. ಆದರೂ ನಿಲ್ಲಲಿಲ್ಲ. ಹೊರಗೆ ಟ್ರ್ಯಾಕ್ಟರಿನ ಮೇಲೆ ಮದುವೆಯ ಡಿಜೆ ಹೊರಟಿತ್ತು.

2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಜನವಸತಿಯಲ್ಲಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45. ಟ್ರ್ಯಾಕ್ಟರ್ ಹಿಂದೆ ಹೋಗಿ ಈ ಅಂಕಿ ಓದಿ ಹೇಳಬೇಕೆನಿಸಿತು. ನಾನು ಏನು ಹೇಳಿದರೂ ನನಗೇ ಕೇಳುತ್ತಿರಲಿಲ್ಲ.

ವೂಫರ್ ಬಿಚ್ಚಿ, ಟಾವೆಲ್ಲಿನಲ್ಲಿ ಸುತ್ತಿಕೊಂಡು ರಾಯಚೂರಿಗೆ ಹೋದೆ. ತೀನ್ ಕಂದೀಲ್ ಹತ್ತಿರದ ಗಲ್ಲಿಯಲ್ಲಿ ಕೋನ್ ಹಾಕುವ ಚಾಚಾ ಒಬ್ಬರಿದ್ದಾರೆ. ನಾನು 58 ಹರ್ಟ್ಸಿನ ಕಥೆಯನ್ನು ಸವಿಸ್ತಾರವಾಗಿ ಹೇಳಿದೆ. ಅವರು ಮುಗುಳುನಕ್ಕು ಕಿವಿ ತೋರಿಸಿದರು. ಕೆಲಸದ ಹುಡುಗ ಕೂಗಿ ಹೇಳಿದ: “ಚಾಚಾಗ ಕೇಳಂಗಿಲ್ರಿ!”

ಚಾಚಾ ವೂಫರನ್ನು ಅಂಗಾತ ಮಲಗಿಸಿ, ಐದೂ ಬೆರಳ ತುದಿಯನ್ನು ಕೋನಿನ ನಡುವಿನ ಗುಬಟೆಯ ಸುತ್ತ ಇಟ್ಟು, ಹಗುರಕ್ಕೆ ಒತ್ತಿ ಬಿಟ್ಟರು. ಎರಡು ಸಲ. “ಇಲ್ಲಿ” ಎಂದು ನನ್ನ ಬೆರಳನ್ನು ಒಂದು ಬದಿಗೆ ಇಡಿಸಿದರು. ಗುರ್ ನನ್ನ ಬೆರಳಿಗೆ ಬಂತು. ಕೋನಿನ ಅಂಚಿನ ಫೋಮು ಕೆಳಭಾಗದಲ್ಲಿ ಪುಡಿಯಾಗಿ, ಕೋನ್ ಜೋತುಬಿದ್ದು, ಅದಕ್ಕಂಟಿದ ತಾಮ್ರದ ಕಾಯಿಲ್ಲು ಮ್ಯಾಗ್ನೆಟ್ಟಿನ ಸಂದಿಯಲ್ಲಿ ಉಜ್ಜುತ್ತಿತ್ತು. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ರೂಪಿಸಿದ ಹಂಚಿಕೆಯೇ ಇಂದಿಗೂ: ಕೂದಲೆಳೆಯಷ್ಟು ಸಂದಿಯಲ್ಲಿ ಕಾಯಿಲ್ಲು ಯಾವುದನ್ನೂ ಮುಟ್ಟದೆ ಆಡಬೇಕು.

ಹುಡುಗ ಯಾರದೋ ಎದೆಯ ಎಕ್ಸ್‌ರೇ ಹಾಳೆಯನ್ನು ಕತ್ತರಿಸಿ ಸಣ್ಣ ಪಟ್ಟಿ ಮಾಡಿದ. ಚಾಚಾ ಅವನ್ನು ಸಂದಿಯಲ್ಲಿ ಸುತ್ತಲೂ ತುರುಕಿ, ಕಾಯಿಲ್ಲನ್ನು ನಟ್ಟನಡುವೆ ನಿಲ್ಲಿಸಿ, ಹೊಸ ರಬ್ಬರ್ ಅಂಚು ಅಂಟಿಸಿದರು. ಅಂಟು ಒಣಗಿದ ಮೇಲೆ ಪಟ್ಟಿ ಎಳೆದರೆ ಮುಗಿಯಿತು. ಒಣಗುವ ತನಕ ಚಹಾ. ಲಗ್ನದ ಸೀಸನ್ನಿನಲ್ಲಿ ದಿನವಿಡೀ ಡಿಜೆ ಬಾಕ್ಸಿನ ಮುಂದೆ ಕೂತು ಟೆಸ್ಟ್ ಮಾಡುತ್ತಿದ್ದರಂತೆ. “ಮೊದ್ಲ ಸಣ್ಣ ಸದ್ದು ಹೋದ್ವು, ಮಾಸ್ತರ್ರ. ಫೋನಿನ ಗಂಟಿ, ಗುಬ್ಬಿ. ಆಮ್ಯಾಲ ಮೊಮ್ಮಗಳು ಏನಂತಾಳೋ ತಿಳೀದಂಗಾತು.” ಅಂಗಡಿಯ ತುಂಬ ಹದಿನೆಂಟಿಂಚಿನ ಡಿಜೆ ವೂಫರುಗಳು ರಿಪೇರಿಗೆ ಬಂದು ಬಿದ್ದಿದ್ದವು. ಹುಡುಗ ಅವುಗಳಲ್ಲೊಂದಕ್ಕೆ ವೈರ್ ಕೊಟ್ಟು ಹಾಡು ಹಚ್ಚಿದ, ಕಿವಿಯಲ್ಲಿ ಅರಳೆಯ ಎಳೆ ಕೂಡ ಇಲ್ಲದೆ. ನಾನು ನನ್ನ ಕಿವಿ ಮುಚ್ಚಿಕೊಂಡೆ. ಚಾಚಾ ಚಹಾ ಕುಡಿಯುತ್ತಿದ್ದರು.

ಗುರ್ ಈಗ ಇಲ್ಲ. ನವಿಲು ತನ್ನ ಜಾಗಕ್ಕೆ ಮರಳಿದೆ. ರಾಯರ ಮೊಳೆ ಬಿಗಿ ಮಾಡಲು ಅವ್ವ ಬಿಡುತ್ತಿಲ್ಲ, ಗುರುವಾರ ಓಣಿಯ ಹೆಣ್ಣುಮಕ್ಕಳು ಪ್ರಶ್ನೆ ತರುತ್ತಾರಂತೆ. ರಾಯರ ಅಪ್ಪಣೆಯಂತೆ ಮಗನಿಗೆ ಬೈಕು ಬಂದಿದೆ, ಅವ್ವನ ಪೆನ್ಶನ್ ದುಡ್ಡಿನಲ್ಲಿ. ಎರಡನೇ ಗೇರಿನಲ್ಲಿ, ಅದೂ ಇಳಿಜಾರಿನಲ್ಲಿ ಮಾತ್ರ, ಅದರ ಸೈಲೆನ್ಸರ್ ಹತ್ತಿರ ಏನೋ ಟಿಣ್ ಅನ್ನುತ್ತದೆ. ಒಂದಿಷ್ಟು ಬಿಚ್ಚಿ ನೋಡಬೇಕೆಂದಿದ್ದೇನೆ. ಮಗ ಸ್ಪ್ಯಾನರಿನ ಡಬ್ಬಿಯನ್ನು ಗೆಳೆಯನ ಮನೆಯಲ್ಲಿಟ್ಟು ಬಂದಿದ್ದಾನೆ.