ಪ್ರಸ್ತಾವ ಮೀಮಾಂಸೆ: ಪರಿಷ್ಕರಣೆ ಸೊನ್ನೆ

ಶಾಸ್ತ್ರ ಬರೆಯುವವನು ವಿಷಯ, ಪ್ರಯೋಜನ, ಅಧಿಕಾರಿ ಮುಂತಾದವನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಐಎಸ್‌ಒ ಮಾನಕವನ್ನು ತಿದ್ದಬೇಕೆಂದು ಕೋರುವ ಪ್ರಸ್ತಾವಗಳು. ಪ್ರಯೋಜನ: ಮಾನಕ ಸಮಿತಿಯ ಪರಿಶೀಲನೆಯಲ್ಲಿದೆ. ಅಧಿಕಾರಿ: ಒಂದು ಸೆಮಿಕೋಲನ್ ಬಿಟ್ಟುಹೋದದ್ದಕ್ಕೆ ಪುಟಗಟ್ಟಲೆ ಬೈಸಿಕೊಂಡ ಯಾರು ಬೇಕಾದರೂ.

ಮೊದಲ ಸೂತ್ರ: ಪ್ರಸ್ತಾವಕ್ಕೆ ಹುಟ್ಟುಂಟು, ಸಾವಿಲ್ಲ.

ವೃತ್ತಿ: ಪ್ರತಿ ಪ್ರಸ್ತಾವಕ್ಕೂ 'ಪಿ' ಎಂದು ಶುರುವಾಗುವ ಒಂದು ಸಂಖ್ಯೆ, ಅದರ ಬಾಲಕ್ಕೆ 'ಆರ್' ಎಂಬ ಜನ್ಮಸಂಖ್ಯೆ. ಆರ್0 ಮೊದಲ ಜನ್ಮ. ಕೆಲಸ ಎಲ್ಲಿ, ಯಾವಾಗ ಓಡಬೇಕೆಂದು ನಿರ್ಧರಿಸುವ ಎಕ್ಸಿಕ್ಯೂಟರ್‌ಗಳ ಕುರಿತ ಪಿ0443 ಆರ್14ರವರೆಗೆ, ಅಂದರೆ ಹದಿನೈದು ಜನ್ಮ ಎತ್ತಿ ದಣಿದು, ಆತ್ಮವನ್ನು ಪಿ2300 ಎಂಬ ಬೇರೆ ದೇಹಕ್ಕೆ ದಾಟಿಸಿತು. ಆ ದೇಹಕ್ಕೆ 2024ರಲ್ಲಿ ಸಿ ಪ್ಲಸ್ ಪ್ಲಸ್ 26 ಎಂಬ ಆವೃತ್ತಿಯ ಕರಡಿನಲ್ಲಿ ಜಾಗ ದೊರೆಯಿತು. ಟೆಂಪ್ಲೇಟ್‌ಗಳಿಗೆ ಷರತ್ತು ಹಾಕುವ 'ಕಾನ್ಸೆಪ್ಟ್' ಎಂಬುದರ ಕತೆ ಇನ್ನೂ ಕರುಣಾಜನಕ. ಕರಡಿನೊಳಗೆ ಸೇರಿ ನೆಮ್ಮದಿಯಾಗಿದ್ದ ಅದನ್ನು 2009ರಲ್ಲಿ ಫ್ರಾಂಕ್‌ಫರ್ಟ್ ಸಭೆ ಹೊರಹಾಕಿತು. ಮರಳಿ ಒಳಗೆ ಬಂದದ್ದು ಸಿ ಪ್ಲಸ್ ಪ್ಲಸ್ 20ರಲ್ಲಿ. ಪ್ರೋಗ್ರಾಂನ ಕರಾರು ಬರೆದಿಡುವ 'ಕಾಂಟ್ರಾಕ್ಟ್' 2019ರಲ್ಲಿ ಕಲೋನ್‌ನಲ್ಲಿ ಅಸುನೀಗಿ, 2025ರಲ್ಲಿ ಆಸ್ಟ್ರಿಯಾದ ಹಾಗೆನ್‌ಬರ್ಗ್‌ನಲ್ಲಿ ಕಣ್ಣುಬಿಟ್ಟಿತು. ಒಬ್ಬ ಪ್ರಸ್ತಾವಕನ ಮಗು ಎಲ್‌ಕೆಜಿಗೆ ಸೇರಿದ ವರ್ಷ ಕೊಟ್ಟ ಅರ್ಜಿಯ ಫಲ, ಆ ಮಗು ಎಂಜಿನಿಯರಿಂಗ್ ಸೇರುವ ಹೊತ್ತಿಗೆ ಪಠ್ಯದಲ್ಲಿ ಬಂದರೆ ಅದನ್ನು ತ್ವರಿತ ವಿಲೇವಾರಿ ಎಂದೇ ಶಾಸ್ತ್ರಕಾರರು ಎಣಿಸುತ್ತಾರೆ.

ಎರಡನೆಯ ಸೂತ್ರ: ಸೇರಿಸಲು ಸಮಿತಿ ಸಾಕು, ತೆಗೆಯಲು ಸಮಿತಿಯೂ ಸಾಲದು.

ಇದಕ್ಕೆ ಪೂರ್ವಪಕ್ಷ: 'ಯಾರೂ ಬಳಸದ್ದನ್ನು ತೆಗೆದರಾಯಿತಲ್ಲ?' ಎಳಸು ಪ್ರಶ್ನೆ. ಟ್ರೈಗ್ರಾಫ್‌ಗಳನ್ನು ನೋಡಿ. ಕೆಲವು ಚಿಹ್ನೆಗಳೇ ಇಲ್ಲದ ಕೀಲಿಮಣೆಗಳಿದ್ದ ಕಾಲದಲ್ಲಿ, ಎರಡು ಪ್ರಶ್ನಾರ್ಥಕದ ಪಕ್ಕ ಮತ್ತೊಂದು ಚಿಹ್ನೆ ಒತ್ತಿ ಕೆಲಸ ಸಾಗಿಸಲೆಂದು ಇಂಥ ಒಂಬತ್ತನ್ನು ಸಿ ಭಾಷೆ ಇಟ್ಟುಕೊಂಡಿತ್ತು, ಸಿ ಪ್ಲಸ್ ಪ್ಲಸ್‌ಗೆ ಅವು ಪಿತ್ರಾರ್ಜಿತ. ??/ ಎಂದರೆ ಬ್ಯಾಕ್‌ಸ್ಲ್ಯಾಶ್. ಸಾಲಿನ ಕೊನೆಗೆ ಬ್ಯಾಕ್‌ಸ್ಲ್ಯಾಶ್ ಬಂದರೆ ಮುಂದಿನ ಸಾಲೂ ಇದಕ್ಕೇ ಅಂಟಿಕೊಳ್ಳುತ್ತದೆ. ನಡುರಾತ್ರಿ ಬೇಸತ್ತ ಪ್ರೋಗ್ರಾಮರ್ ಒಬ್ಬ

// ಇದ್ಯಾಕೆ ಹೀಗಾಯ್ತು??/

ಎಂದು ಟಿಪ್ಪಣಿ ಗೀಚಿ, ಕೆಳಗಿನ ಸಾಲಿನಲ್ಲಿ ಬಡ್ಡಿಯ ಲೆಕ್ಕ ಬರೆದನೆನ್ನಿ. ಆಗಿನ ಮಾನಕ ಪಾಲಿಸುವ ಕಂಪೈಲರ್ ಬಡ್ಡಿಯನ್ನೂ ಟಿಪ್ಪಣಿಗೆ ಸೇರಿಸಿ ನುಂಗುತ್ತದೆ. ಪ್ರೋಗ್ರಾಂ ಸಲೀಸಾಗಿ ಓಡುತ್ತದೆ, ಗಿರಾಕಿಗೆ ಬಡ್ಡಿ ಮಾತ್ರ ಬರುವುದಿಲ್ಲ. ಪ್ರಶ್ನೆ ಕೇಳಿದವನಿಗೆ ಶಿಕ್ಷೆ ಕೊಡುವ ವ್ಯವಸ್ಥೆ ಭಾಷಾವ್ಯಾಕರಣದೊಳಗೇ ಇದ್ದುದಕ್ಕೆ ಬೇರೆ ನಿದರ್ಶನ ನಮಗೆ ದೊರೆತಿಲ್ಲ. ಟ್ರೈಗ್ರಾಫ್‌ಗಳನ್ನು ಕಿತ್ತುಹಾಕೋಣವೆಂದಾಗ ಐಬಿಎಂ ಆಕ್ಷೇಪಿಸಿತು. ಅವರ ಮೇನ್‌ಫ್ರೇಮ್‌ಗಳ ಎಬ್ಸಿಡಿಕ್ ಅಕ್ಷರಸಂಕೇತಕ್ಕೆ ಇವು ಬೇಕಾಗಿದ್ದವು. ಕೊನೆಗೂ ತೆಗೆದದ್ದು ಸಿ ಪ್ಲಸ್ ಪ್ಲಸ್ 17ರಲ್ಲಿ.

ಬಳಸಿ ಬಿಟ್ಟ ಮೆಮೊರಿಯನ್ನು ತಾನಾಗಿಯೇ ಗುಡಿಸುವ ಕಸ ಸಂಗ್ರಹಣೆಗೆಂದು 2011ರಲ್ಲಿ ಮಾನಕ ಒಂದಿಷ್ಟು ಸೌಲಭ್ಯ ಒದಗಿಸಿತು. ಪ್ರಮುಖ ಕಂಪೈಲರ್‌ಗಳು ಅದನ್ನು ನಿಜವಾಗಿ ಜಾರಿಗೆ ತರುವ ಗೋಜಿಗೇ ಹೋಗಲಿಲ್ಲ. ಸಿ ಪ್ಲಸ್ ಪ್ಲಸ್ 23 ಬಂದಾಗ, ಒಂದು ಚೂರೂ ಕಸ ಎತ್ತದ ಆ ಸೌಲಭ್ಯವನ್ನೇ ಎತ್ತಿಹಾಕಬೇಕಾಯಿತು. ಅದಕ್ಕೂ ಒಂದು ಪ್ರಸ್ತಾವ ಬರೆಯಬೇಕಾಯಿತೆಂಬುದನ್ನು ಬೇರೆ ಹೇಳಬೇಕಿಲ್ಲ.

ಹೊಸ ಕೀವರ್ಡ್ ಸೇರಿಸುವುದಂತೂ ಊರೊಟ್ಟಿನ ಆಸ್ತಿಯಲ್ಲಿ ಬೇಲಿ ಹಾಕಿದಂತೆ. ನಡುವೆ ನಿಂತು ಮತ್ತೆ ಮುಂದುವರಿಯಬಲ್ಲ ಕೋರೂಟೀನ್ ಬಂದಾಗ 'ಯೀಲ್ಡ್' ಪದವನ್ನು ಮಾನಕ ಬಯಸಿತು. ಆದರೆ ಕೃಷಿ, ಹಣಕಾಸಿನ ಪ್ರೋಗ್ರಾಂಗಳಲ್ಲಿ ಇಳುವರಿ ಎಂಬ ಅರ್ಥದಲ್ಲಿ ಆ ಹೆಸರಿನ ವೇರಿಯಬಲ್‌ಗಳು ಆಗಲೇ ಬೀಡುಬಿಟ್ಟಿದ್ದವು. ಇಳುವರಿಯವರನ್ನು ಒಕ್ಕಲೆಬ್ಬಿಸಲಾಗದೆ 'ಕೋ_ಯೀಲ್ಡ್' ಎಂದು ಬಾಲವನ್ನು ಮೂತಿಗೆ ಕಟ್ಟಲಾಯಿತು.

ಹಾಗಾದರೆ ತೀರ್ಮಾನ ಆಗುವುದು ಹೇಗೆ? ಐದು ಬಗೆಯ ಮತಗಳಿಂದ: ಬಲವಾಗಿ ಪರ, ಪರ, ತಟಸ್ಥ, ವಿರೋಧ, ಬಲವಾಗಿ ವಿರೋಧ. ಎಣಿಸಿದ ಮೇಲೆ ಒಮ್ಮತ ಉಂಟೋ ಇಲ್ಲವೋ ಎಂಬುದನ್ನು ಅಧ್ಯಕ್ಷರು ಹೇಳುತ್ತಾರೆ. ಅಂಕಿಗಳು ಒಂದೇ, ಅವನ್ನು ಓದುವ ವ್ಯಾಖ್ಯಾನಕಾರರು ಹಲವರು. ಈ ಒಂದು ವಿಷಯದಲ್ಲಿ ನಮ್ಮ ವೇದಾಂತಕ್ಕೂ ಅವರ ಸಮಿತಿಗೂ ವ್ಯತ್ಯಾಸ ಕಾಣದು.

ಇನ್ನು ಆಕರ ವಿಮರ್ಶೆ. ಭಾಷೆಯ ಜನಕ ಬ್ಯಾರ್ನೆ ಸ್ಟ್ರೌಸ್ಟ್ರಪ್ 1998ರಲ್ಲಿ ಒಂದು ಲೇಖನ ಬರೆದು, ಖಾಲಿ ಜಾಗಕ್ಕೂ ಓವರ್‌ಲೋಡಿಂಗ್ ಮೂಲಕ ಅರ್ಥ ಕೊಡಬೇಕೆಂದು ಸೂಚಿಸಿದರು. ಅದು ಏಪ್ರಿಲ್ ಒಂದರ ಪರಿಹಾಸವೆಂದು ಎಲ್ಲರೂ ಒಪ್ಪಿದ್ದಾರೆ. ಆದರೆ ಟೆಂಪ್ಲೇಟ್‌ಗಳ ಷರತ್ತು ಬರೆಯುವಾಗ 'ರಿಕ್ವೈರ್ಸ್ ರಿಕ್ವೈರ್ಸ್' ಎಂದು ಒಂದೇ ಪದವನ್ನು ಎರಡು ಸಲ ಒತ್ತಿ ಬರೆಯುವುದು ಇಂದು ಸಾಧು ಪ್ರಯೋಗ. ಅದು ಪರಿಹಾಸವಲ್ಲ ಎಂಬುದನ್ನು ಹೊಸಬರಿಗೆ ಮನವರಿಕೆ ಮಾಡಿಕೊಡುವುದು ಬೆಂಗಳೂರಿನ ಟೀಮ್ ಲೀಡ್‌ಗಳ ನಿತ್ಯದ ಕಷ್ಟ. ಅದೇ ಸ್ಟ್ರೌಸ್ಟ್ರಪ್ 2018ರಲ್ಲಿ ನಗೆಯಾಡುವ ಗೋಜಿಗೆ ಹೋಗದೆ, ವಾಸಾ ಹಡಗನ್ನು ನೆನೆಯಿರೆಂದು ಸಮಿತಿಗೆ ಬರೆದರು. ಸ್ವೀಡನ್ನಿನ ಆ ಯುದ್ಧನೌಕೆ 1628ರಲ್ಲಿ ಮೊದಲ ಯಾನಕ್ಕೆ ಹೊರಟು ಸ್ಟಾಕ್‌ಹೋಮ್ ಬಂದರಿನಲ್ಲೇ ಮುಳುಗಿತು, ಮೇಲುಭಾರ ವಿಪರೀತವಾಗಿತ್ತು. ಪ್ರಸ್ತಾವಗಳನ್ನು ಒಂದೊಂದಾಗಿ ನೋಡಿದರೆ ಒಳ್ಳೆಯವೇ, ಒಟ್ಟಾಗಿ ಮುಳುಗಿಸುತ್ತವೆ ಎಂಬುದು ಅವರ ಅಳಲು. ಎಚ್ಚರಿಕೆಯನ್ನೂ ಅವರು ಪ್ರಸ್ತಾವ ಸಂಖ್ಯೆ ಪಡೆದೇ ಕೊಡಬೇಕಾಯಿತು: ಪಿ0977. 1998ರ ಮಾನಕ 732 ಪುಟವಿತ್ತು, 2020ರದ್ದು 1853.

ಸಿದ್ಧಾಂತ: ಇನ್ನು ಮುಂದೆ ಒಂದನ್ನು ಸೇರಿಸಬೇಕೆನ್ನುವವರು ಇನ್ನೊಂದನ್ನು ತೆಗೆಸಿಯೇ ಬರತಕ್ಕದ್ದು. ಈ ನಿಯಮವೂ ಒಂದು ಸೇರ್ಪಡೆಯೇ ಆದುದರಿಂದ ಇದಕ್ಕೆ ಮಾತ್ರ ವಿನಾಯಿತಿ ಇದೆ. ಹಿಂದಿನ ಪ್ರೋಗ್ರಾಂಗಳಿಗೆ ಧಕ್ಕೆಯಾಗದಿರಲೆಂದು, ಈಗಾಗಲೇ ಸಲ್ಲಿಕೆಯಾದ ಪ್ರಸ್ತಾವಗಳಿಗೂ ವಿನಾಯಿತಿ ಇದೆ. ಮುಂದೆ ಬರುವವಕ್ಕೆ ವಿನಾಯಿತಿ ಕೊಡುವ ಕುರಿತು ಅಧ್ಯಯನ ತಂಡವೊಂದನ್ನು ರಚಿಸತಕ್ಕದ್ದು.

ಇದಕ್ಕೆ ಆಕ್ಷೇಪವುಳ್ಳ ಓದುಗರು ಬಾಯಿಮಾತಿನಲ್ಲಿ ಗೊಣಗಕೂಡದು. ಸಂಖ್ಯೆ ಪಡೆದು, ಪ್ರಸ್ತಾವ ಬರೆದು ಕಳಿಸಬೇಕು.