ಕಂಬ ನನ್ನದು, ಬಣ್ಣ ಅವರದು

ಅಮೆರಿಕದಲ್ಲಿ ಮನೆ ಕೊಂಡ ಕನ್ನಡಿಗರನ್ನು ಹೆದರಿಸಲು ಮೂರಕ್ಷರ ಸಾಕು. ಒಂದು ತೆರಿಗೆಯವರ ಐಆರ್‌ಎಸ್, ಇನ್ನೊಂದು ಬಡಾವಣೆಯ ಮನೆ ಮಾಲೀಕರ ಸಂಘ, ಎಚ್‌ಒಎ. ಮೊದಲನೆಯದು ಏಪ್ರಿಲ್ ಬಂದಾಗ ನೆನಪಾಗುತ್ತದೆ, ಎರಡನೆಯದಕ್ಕೆ ಕಾಲಾಕಾಲವಿಲ್ಲ. ಹುಲ್ಲು ಒಂದು ಗೇಣು ಬೆಳೆದರೆ ಕಾಗದ, ಕಸದ ಡಬ್ಬ ರಾತ್ರಿ ರಸ್ತೆ ಬದಿಯಲ್ಲೇ ಉಳಿದರೆ ಕಾಗದ, ಕೇಳದೆ ಬೇಲಿಗೆ ಬಣ್ಣ ಬಳಿದರೆ ಕಾಗದ. ನಾರ್ತ್ ಕೆರೊಲೈನಾದ ನಮ್ಮ ಬಡಾವಣೆಯಲ್ಲಿ ನನಗೆ ಬಂದ ಕಾಗದವಂತೂ ಕಾಗದದ ಡಬ್ಬದ ಮೇಲೇ. ಮೇಲ್ಗಡೆ ‘ಸ್ನೇಹಪೂರ್ವಕ ಜ್ಞಾಪನೆ’ ಅಂತಿತ್ತು, ಕೆಳಗಡೆ ಫೋಟೊ. ನಮ್ಮ ಮೇಲ್‌ಬಾಕ್ಸ್ ಬಣ್ಣ ಕಳಚಿಕೊಂಡು, ತಲೆ ಒಂದು ಕಡೆ ವಾಲಿಸಿಕೊಂಡು, ಕ್ಯಾಮೆರಾ ಎದುರಿಸಲಾರದೆ ನಿಂತಿತ್ತು.

ಇಲ್ಲಿಯ ಇಂಥ ಬಡಾವಣೆಗಳಲ್ಲಿ ಅಂಚೆಯವನು ಬಾಗಿಲಿಗೆ ಬಂದು ‘ಪೋಸ್ಟ್’ ಅಂತ ಕೂಗುವುದಿಲ್ಲ. ರಸ್ತೆಯಂಚಿಗೊಂದು ಕಂಬ, ಅದರ ನೆತ್ತಿಗೆ ಕಮಾನು ಬೆನ್ನಿನ ತಗಡಿನ ಡಬ್ಬ. ಗಾಡಿಯಿಂದ ಇಳಿಯದೆ ಕೈ ಚಾಚಿ ತುರುಕಿ ಮುಂದಿನ ಮನೆಗೆ ಹೋಗುತ್ತಾನೆ. ಅದಕ್ಕೆಂದೇ ಅವನ ಗಾಡಿಯ ಸ್ಟೀರಿಂಗ್ ನಮ್ಮೂರಿನಂತೆ ಬಲಗಡೆ. ದೇಶವೆಲ್ಲ ಎಡಗಡೆ ಕೂತು ಓಡಿಸುವಾಗ ಇವನೊಬ್ಬ ನಮ್ಮ ಪೈಕಿ ಅನ್ನಿಸಿ ನಾನು ಕೈ ಬೀಸುವುದುಂಟು.

ಈ ಡಬ್ಬಕ್ಕೂ ಒಂದು ಸ್ವಾತಂತ್ರ್ಯದ ಕಾಲವಿತ್ತು. 1896ರಲ್ಲಿ ಹಳ್ಳಿಗಾಡಿಗೆ ಉಚಿತ ಬಟವಾಡೆ ಶುರುವಾದಾಗ ರೈತರು ಕೈಗೆ ಸಿಕ್ಕಿದ್ದನ್ನು ಬೇಲಿಗೂಟಕ್ಕೆ ಸಿಕ್ಕಿಸಿದರು. ಕೊಬ್ಬಿನ ಡಬ್ಬ, ಪಾಕದ ಡಬ್ಬ, ಸೋಪಿನ ಪೆಟ್ಟಿಗೆ, ಎಲ್ಲವೂ ನಡೆಯಿತು. ಮಗಳ ಮದುವೆಯ ಸುದ್ದಿ ಪಾಕ ಅಂಟಿಸಿಕೊಂಡು ಬಂದರೂ ಯಾರೂ ಫೋಟೊ ತೆಗೆದು ಕಳಿಸುತ್ತಿರಲಿಲ್ಲ. 1915ರಲ್ಲಿ ಅಂಚೆ ಇಲಾಖೆಯ ಎಂಜಿನಿಯರ್ ರಾಯ್ ಜೋರೋಲ್‌ಮನ್ ಸುರಂಗದಾಕಾರದ ಡಬ್ಬ ಮಾಡಿಕೊಟ್ಟ. ಇವತ್ತಿಗೂ ಅದೇ ಆಕಾರ.

ಅಂಚೆ ಇಲಾಖೆಗೂ ನಿಯಮಗಳಿವೆ, ಅವುಗಳ ಮೇಲೆ ನನಗೆ ಗೌರವವಿದೆ. ಡಬ್ಬದ ತಳ ರಸ್ತೆಯಿಂದ 41ರಿಂದ 45 ಇಂಚು ಎತ್ತರದಲ್ಲಿರಬೇಕು, ಬಾಗಿಲು ರಸ್ತೆಯಂಚಿನಿಂದ 6ರಿಂದ 8 ಇಂಚು ಹಿಂದಿರಬೇಕು. ಕೂತವನ ಕೈಗೆ ಎಟುಕಬೇಕಲ್ಲ! ಕಂಬವನ್ನು 24 ಇಂಚಿಗಿಂತ ಆಳಕ್ಕೆ ಹೂಳಬಾರದು. ಯಾರಾದರೂ ಕಾರು ತಂದು ಗುದ್ದಿದರೆ ಬೀಳಬೇಕಾದದ್ದು ಕಂಬ, ಕಾರಿನಲ್ಲಿದ್ದವನಲ್ಲ. ಕಲ್ಲುಕಂಬ ನೆಟ್ಟು ‘ಆನೆ ಬಂದ್ರೂ ಅಲ್ಲಾಡಲ್ಲ’ ಎಂದು ಬೀಗುವ ಊರಿನಿಂದ ಬಂದವನಿಗೆ ಇದು ಹೊಸ ವಿವೇಕ.

ಸಂಘದ ನಿಯಮಗಳಿಗೆ ಮಾತ್ರ ಹೀಗೆ ಕಾರಣ ಕೇಳುವ ಹಾಗಿಲ್ಲ. ಡಬ್ಬ ಕಪ್ಪಗಿರಬೇಕು, ಅದೂ ಹೊಳಪಿಲ್ಲದ ಕಪ್ಪು. ಕಂಬದ ತುದಿಗೆ ಇಂಥದೇ ಗುಂಡು, ನಂಬರಿಗೆ ಇಂಥದೇ ಅಂಕಿ. ಅರ್ಜಿ, ನಕ್ಷೆ, ಬಣ್ಣದ ಮಾದರಿ ಕೊಟ್ಟು ಕಾಯಬೇಕು. ಕಮಿಟಿ ಸಭೆ ಸೇರಿ ಕಪ್ಪು ಕಪ್ಪಗಿದೆಯೇ ಎಂದು ನೋಡುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಡಬ್ಬ ಗಟ್ಟಿಯಾಗಿದ್ದರೂ ನಾಲಾಯಕ್ಕು. ಒಪ್ಪಿಗೆ ಪಡೆದ ವ್ಯಾಪಾರಿಯ ಡಬ್ಬಕ್ಕೆ ಅದರ ಹಲವು ಪಟ್ಟು ಬೆಲೆ. ಪಕ್ಕದ ಮನೆಯ ಪಂಜಾಬಿ ಗೆಳೆಯ ವಾದ ಮಾಡಿ ನೋಡಿದ; ದಂಡದ ಚೀಟಿ ಬಂದ ಮೇಲೆ ಅವನ ಡಬ್ಬವೂ ಕಪ್ಪಾಯಿತು.

ಎಲ್ಲ ಮುಗಿದು ಗುಂಡಿ ತೋಡೋಣವೆಂದರೆ ಮೊದಲು 811ಕ್ಕೆ ಫೋನ್ ಮಾಡಬೇಕು. ನೆಲದಡಿ ಏನಿದೆ ಎಂದು ಗುರುತು ಹಾಕುವವರು ಬಂದು ಕರೆಂಟಿಗೆ ಕೆಂಪು, ಗ್ಯಾಸಿಗೆ ಹಳದಿ, ನೀರಿಗೆ ನೀಲಿ ಎಂದು ಹುಲ್ಲಿನ ಮೇಲೆ ಗೆರೆ ಎಳೆದು ಹೋದರು. ಊರಿಂದ ಬಂದಿದ್ದ ಅಮ್ಮ ಕಿಟಕಿಯಿಂದ ನೋಡಿ, “ರಂಗೋಲಿ ಹಾಕಕ್ಕೂ ಇಲ್ಲಿ ಆಫೀಸಿನೋರೇ ಬರ್ತಾರೇನೋ?” ಅಂದರು. ಅಗೆದಾಗ ಮೇಲೆ ಬಂದದ್ದು ಅಪ್ಪಟ ಕೆಂಪು ಜೇಡಿಮಣ್ಣು. ತೀರ್ಥಹಳ್ಳಿ ಕಡೆಯವರಾದ ಅಮ್ಮ ಅದನ್ನು ಬೆರಳಲ್ಲಿ ಉಜ್ಜಿ ನೋಡಿ, ಅಡಿಕೆ ಯಾಕೆ ಹಾಕಿಲ್ಲ ಎಂದು ವಿಚಾರಿಸಿದರು. ಅದಕ್ಕೆ ಯಾವ ಫಾರಂ ತುಂಬಬೇಕೋ ನನಗೆ ಗೊತ್ತಿಲ್ಲ.

ಕಂಬ ನೆಟ್ಟಾದ ಮೇಲೆ ಅಮ್ಮ ಸುಮ್ಮನಿರುವವರೇ? ಹೊಸದು ಬಂದಿದೆ ಎಂದು ಡಬ್ಬಕ್ಕೆ, ಕಂಬಕ್ಕೆ, ಕಾಗದ ಇಟ್ಟಾಗ ಎತ್ತುವ ಪುಟ್ಟ ಬಾವುಟಕ್ಕೂ ಅರಿಶಿನ ಕುಂಕುಮ ಹಚ್ಚಿದರು. ನಾನು ಒಳಗೆ ಹೋಗಿ ನಿಯಮ ತೆಗೆದು ನೋಡಿದೆ. ಅಂಚೆಯವರ ಪ್ರಕಾರ ಬಾವುಟ ಹಸಿರು, ಕಂದು, ಬಿಳಿ, ಹಳದಿ, ನೀಲಿ ಯಾವುದೂ ಆಗಿರಬಾರದು. ಅಂದರೆ ಕುಂಕುಮ ನಡೆದೀತು, ಅರಿಶಿನಕ್ಕೆ ಅಡ್ಡಿ. ಮಾರನೆಯ ದಿನ ಮಳೆ ಬಂದು ಸಂಘಕ್ಕೂ ಅಮ್ಮನಿಗೂ ರಾಜಿ ಮಾಡಿಸಿತು.

ಇಷ್ಟು ಕಷ್ಟಪಟ್ಟು ನಿಲ್ಲಿಸಿದ ಡಬ್ಬಕ್ಕೆ ಬರುವುದೇನು? ಪಿಜ್ಜಾ ಕೂಪನ್ನು, ಸೂರಿನ ದೋಣಿ ತೊಳೆಯುವವರ ಕರಪತ್ರ, ‘ನಿಮ್ಮ ಮನೆ ಮಾರುತ್ತೀರಾ’ ಎಂದು ಕೇಳುವ ಬ್ರೋಕರಿನ ನಗುಮುಖ. ಊರಿನ ಸುದ್ದಿಯೆಲ್ಲ ವಾಟ್ಸಾಪಿನಲ್ಲಿ ಬರುತ್ತದೆ. ಅದರ ಬಣ್ಣಕ್ಕೆ ಇನ್ನೂ ಯಾರೂ ಕಮಿಟಿ ಮಾಡಿಲ್ಲ.

ಆದರೂ ಸಂಘದ ಕೈ ಡಬ್ಬದ ಹೊರಮೈಗೇ ನಿಂತಿದೆ. ಒಳಗಿನದು ಅಂಚೆಯವರ ರಾಜ್ಯ. ಸ್ಟ್ಯಾಂಪಿಲ್ಲದ ಚೀಟಿಯನ್ನು ಯಾರೂ ಅದರೊಳಗೆ ಹಾಕುವಂತಿಲ್ಲ. ನ್ಯೂಯಾರ್ಕ್ ರಾಜ್ಯದ ಗ್ರೀನ್‌ಬರ್ಗ್‌ನ ನಾಗರಿಕ ಸಂಘಗಳು ತಮ್ಮ ಕರಪತ್ರಗಳನ್ನು ಹೀಗೇ ಹಾಕಿ, ನಮಗೆ ಹಕ್ಕಿದೆ ಎಂದು ಸುಪ್ರೀಂ ಕೋರ್ಟಿನವರೆಗೂ ಹೋದವು. 1981ರಲ್ಲಿ ಅಂಚೆಯವರೇ ಗೆದ್ದರು. ಹಾಗಾಗಿ ನಮ್ಮ ಸಂಘ ತಾನೇ ಬಣ್ಣ ಆರಿಸಿದ ಡಬ್ಬದೊಳಗೆ ನನಗೊಂದು ಜ್ಞಾಪನೆ ಹಾಕಬೇಕಾದರೂ, ಎಷ್ಟೇ ಸ್ನೇಹಪೂರ್ವಕವಾಗಿರಲಿ, ಸ್ಟ್ಯಾಂಪು ಹಚ್ಚಲೇಬೇಕು.